ನಾಲ್ಕು ಬೆರಳು ಎತ್ತರದ ಕಾರು

ಚನ್ನೇಶ ಗೊಬ್ಬರದ ಅಂಗಡಿಯ ಬಾಗಿಲು ಹಾಕಿ ಮನೆಗೆ ಬರುವಷ್ಟರಲ್ಲಿ ಓಣಿಯ ಬಾಯಲ್ಲಿ ಒಂದು ಹಂಪ್ ಹುಟ್ಟಿಕೊಂಡಿತ್ತು. ಬೈಕಿನ ಮೇಲೆ ಬಂದವನಿಗೆ ಅದು ಒಂದು ಸಣ್ಣ ಕುಲುಕು ಅಷ್ಟೇ. ಹಗಲಲ್ಲಿ ಯಾರೋ ಓಣಿಯ ಗುಂಡಿಗಳಿಗೆ ಡಾಂಬರು ಬಳಿದಿದ್ದಾರೆ, ಉಳಿದದ್ದನ್ನು ವಾಪಸು ಹೊತ್ತೊಯ್ಯಲು ಬೇಸರವಾಗಿ ಇಲ್ಲಿ ಸುರಿದು ಹೋಗಿದ್ದಾರೆ ಎಂದುಕೊಂಡು ಉಂಡು ಮಲಗಿದ. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆರೆದು ತನ್ನ ಕೆಂಪು ಕಾರಿನ ಮುಂದೆ ನಿಂತಾಗ ಆ ಕುಲುಕು ನೆನಪಾಯಿತು. ಓಡಿಹೋಗಿ ಹಂಪಿನ ಪಕ್ಕ ಅಂಗೈ ನಿಲ್ಲಿಸಿ ಅಳೆದ. ಅರ್ಧ ಗೇಣಿಗಿಂತ ತುಸು ಹೆಚ್ಚೇ ಇತ್ತು. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇದ್ದದ್ದು ನಾಲ್ಕು ಬೆರಳು.

ಆ ನಾಲ್ಕು ಬೆರಳು ಚನ್ನೇಶನ ಸ್ವಂತ ಕೈಗೆಲಸ. ಗೋವಾದಲ್ಲಿ ಯಾರೋ ಓಡಿಸಿ ಬೇಸತ್ತು ಮಾರಿದ ಎರಡು ಬಾಗಿಲಿನ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಅದು. ತಂದಾಗ ಅದಕ್ಕೂ ಉಳಿದ ಕಾರುಗಳಷ್ಟೇ ಎತ್ತರವಿತ್ತು, ಬಣ್ಣ ಬೂದಿಯದು, ಸದ್ದು ಸಭ್ಯರದು. ಒಂದು ವರ್ಷ ಕಾಲ ಚನ್ನೇಶ ಅಂಗಡಿ ಮುಚ್ಚಿದ ಮೇಲೆ ಕೊಟ್ಟಿಗೆಯಲ್ಲಿ ಕೂತು ಎಂಜಿನ್ ಬಿಚ್ಚಿ ಜೋಡಿಸಿದ. ಧೂಳು ಬಾರದಿರಲೆಂದು ಸುತ್ತಲೂ ಅವ್ವನ ಹಳೆಯ ಸೀರೆ ಕಟ್ಟಿ ತಾನೇ ಕೆಂಪು ಬಣ್ಣ ಹೊಡೆದ. ಹಿಂದೆ ಒಂದು ರೆಕ್ಕೆ ಕೂರಿಸಿದ, ದಪ್ಪ ಸೈಲೆನ್ಸರ್ ಹಾಕಿದ. ಕೊನೆಗೆ ವೆಲ್ಡಿಂಗ್ ಅಂಗಡಿಯ ಗೆಳೆಯ ಶಾಹಬಾಜನಿಂದ ಕಟರ್ ತಂದು ನಾಲ್ಕೂ ಗಾಲಿಗಳ ಸ್ಪ್ರಿಂಗುಗಳನ್ನು ಒಂದೊಂದು ಸುತ್ತು ಕತ್ತರಿಸಿಬಿಟ್ಟ. ತಗ್ಗಿ ನಿಂತ ಕಾರಿನ ಗತ್ತೇ ಬೇರೆ ಎಂದು ಫೋನಿನ ವಿಡಿಯೋಗಳಲ್ಲಿ ಯಾರ್ಯಾರೋ ಹೇಳಿದ್ದರು. ಅವರ್ಯಾರೂ ಹಾನಗಲ್ಲಿನ ಓಣಿಗಳಲ್ಲಿ ಇದ್ದವರಲ್ಲ. ಕತ್ತರಿಸಿದ ಸ್ಪ್ರಿಂಗು ಉಗುರಿನ ಹಾಗೆ ಮತ್ತೆ ಬೆಳೆಯುವುದಿಲ್ಲ ಎಂಬುದು ಅವನಿಗೆ ಆಮೇಲೆ ಹೊಳೆಯಿತು.

ಮನೆಯಲ್ಲಿ ಕಾರಿಗೆ ಒಬ್ಬೊಬ್ಬರು ಒಂದೊಂದು ಬೆಲೆ ಕಟ್ಟಿದ್ದರು. ಅವ್ವ ಸರೋಜವ್ವ ಬಿಸಿಲಿಗೆ ಕಾದ ಬಾನೆಟ್ಟಿನ ಮೇಲೆ ಸಂಡಿಗೆ ಒಣಗಿಸಿ, ಇದರಷ್ಟು ಚಲೋ ಜಾಗ ಮಾಳಿಗೆಯ ಮೇಲೂ ಇಲ್ಲ ಎಂದು ಮೆಚ್ಚಿಕೊಂಡಿದ್ದಳು. ಹೆಂಡತಿ ಶ್ವೇತಾ ಮೊದಲ ದಿನವೇ ಸೀಟು ಎಣಿಸಿದ್ದಳು. "ಮನ್ಯಾಗ ನಾಕ ಮಂದಿ ಅದೇವಿ, ಗಾಡ್ಯಾಗ ಎರಡ ಕುರ್ಚಿ. ಯಾರನ್ನ ಬಿಟ್ಟು ಹೋಗೂದು ಅಂತ ಈಗ ಹೇಳಿಬಿಡ್ರಿ" ಎಂದಿದ್ದಳು. ಅಪ್ಪ ಕುಬೇರಪ್ಪ ಮಾತ್ರ ಏನೂ ಹೇಳಿರಲಿಲ್ಲ. ಒಂದು ವರ್ಷದಲ್ಲಿ ಆತ ಕಾರನ್ನು ಮುಟ್ಟಿರಲಿಲ್ಲ, ಅದರ ಒಳಗೆ ಇಣುಕಿರಲಿಲ್ಲ. ಚನ್ನೇಶ ಎಂಜಿನ್ ಚಾಲೂ ಮಾಡಿದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದ.

ಇದು ಚನ್ನೇಶನಿಗೆ ನುಂಗಲಾರದ ತುತ್ತಾಗಿತ್ತು. ಬೇರೆ ಯಾರ ಅಪ್ಪ ಹೀಗೆ ಮಾಡಿದ್ದರೂ ಹಳೆಯ ಕಾಲದವರು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಕುಬೇರಪ್ಪ ಹೋರಿ ಸಾಕಿದ ಮನುಷ್ಯ. ದೀಪಾವಳಿ ಮುಗಿದ ಮೇಲೆ ಈ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿಯ ಸರ ಕಟ್ಟಿ ಜನರ ನಡುವೆ ಬಿಟ್ಟ ಹೋರಿ, ಯಾರ ಕೈಗೂ ಸಿಗದೆ ಅಖಾಡ ದಾಟಿ ಓಡಬೇಕು. ಕುಬೇರಪ್ಪನ ತೂಫಾನ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾರ ಕೈಗೂ ಸಿಗದ ಹೋರಿ. ಅದರ ಹೆಗಲಿಗೆ ಒಂದು ದಿನವೂ ನೊಗ ಮುಟ್ಟಿರಲಿಲ್ಲ. ವರ್ಷವೆಲ್ಲ ಹುರುಳಿ, ಹತ್ತಿಕಾಳು ತಿಂದು, ಎಣ್ಣೆ ಹಚ್ಚಿಸಿಕೊಂಡು, ಹಬ್ಬದ ದಿನ ನಾಲ್ಕು ಉಸಿರಿನಷ್ಟು ಓಡುವುದೇ ಅದರ ಕೆಲಸವಾಗಿತ್ತು. ಅಂಥ ಹೋರಿಯ ಮೈ ತಿಕ್ಕುತ್ತ ಅಪ್ಪ ಏನು ಸುಖ ಪಟ್ಟಿದ್ದನೋ, ಅದೇ ಸುಖವನ್ನು ತಾನು ಅದೇ ಕೊಟ್ಟಿಗೆಯಲ್ಲಿ ಪಡುತ್ತಿದ್ದೇನೆ ಎಂದು ಚನ್ನೇಶನಿಗೆ ಅನಿಸುತ್ತಿತ್ತು. ತೂಫಾನ ಮುಪ್ಪಾಗಿ ಸತ್ತ ಮೇಲೆ ಕೊಟ್ಟಿಗೆ ಬಹಳ ಕಾಲ ಖಾಲಿ ಇತ್ತು. ಅಪ್ಪ ಇನ್ನೊಂದು ಹೋರಿ ಕಟ್ಟಲಿಲ್ಲ. ಮಗ ಅಲ್ಲಿ ಕಾರು ತಂದು ನಿಲ್ಲಿಸಿದಾಗ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಅಪ್ಪ ಒಂದು ಸಲ, ಒಂದೇ ಸಲ ಈ ಕಾರಿನಲ್ಲಿ ಕೂರಬೇಕು. ಚನ್ನೇಶನಿಗೆ ಬೇಕಾಗಿದ್ದದ್ದು ಅಷ್ಟೇ.

ಆ ಅವಕಾಶ ಇವತ್ತು ಬಂದಿತ್ತು. ಮಾಸೂರಿನಲ್ಲಿ ಶ್ವೇತಾಳ ತವರಿನವರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದರು. ಅತ್ತೆ ಸೊಸೆ ಇಬ್ಬರೂ ಮುಂಚೆಯೇ ಹೋಗಿದ್ದರು. ಮನೆಯಲ್ಲಿ ಉಳಿದವರು ಇಬ್ಬರು, ಕಾರಿನಲ್ಲಿ ಇದ್ದದ್ದೂ ಎರಡು ಸೀಟು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಚನ್ನೇಶ ಧೈರ್ಯ ಮಾಡಿ ಕೇಳಿದ್ದ.

"ಅಪ್ಪಾ, ನಾಳಿಗೆ ಮಾಸೂರಿಗೆ ಕಾರಿನ್ಯಾಗ ಹೋಗೂಣೇನು?"

ಕುಬೇರಪ್ಪ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅಗಿದು ನುಂಗಿದ. ಆಮೇಲೆ ಹೇಳಿದ: "ನನ್ನ ತೂಫಾನ ಟೆಂಪೋ ಹತ್ತಬೇಕಾದ್ರೂ ತನ್ನ ಕಾಲಮ್ಯಾಲ ತಾ ಹತ್ತತಿತ್ತು. ನಿನ್ನ ಗಾಡಿನೂ ಹಂಗ ಓಣಿ ದಾಟಲಿ. ಒಬ್ಬರೂ ನೂಕಬಾರದು, ಎತ್ತಬಾರದು. ದಾಟಿದ್ರ ಕುಂದರ್ತೇನಿ. ಇಲ್ಲಂದ್ರ ನನಗ ಬಸ್ ಐತಿ."

ಇಷ್ಟು ಸಲೀಸಾಗಿ ಒಪ್ಪುತ್ತಾನೆ ಎಂದು ಚನ್ನೇಶ ಕನಸಿನಲ್ಲೂ ಎಣಿಸಿರಲಿಲ್ಲ. ಖುಷಿಗೆ ಒಂದು ರೊಟ್ಟಿ ಹೆಚ್ಚೇ ತಿಂದ.

ಈಗ ಕುಬೇರಪ್ಪ ಮಡಿ ಧೋತರ ಉಟ್ಟು, ಬಿಳಿ ಟೋಪಿ ಇಟ್ಟು, ಬಸ್ಸಿನ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಓಣಿಯ ಇನ್ನೊಂದು ತುದಿಯಲ್ಲಿ ಕರೆಂಟಿನ ಕಂಬ ನಟ್ಟನಡುವೆ ನಿಂತಿದ್ದರಿಂದ ಅಲ್ಲಿ ಬೈಕಿಗಷ್ಟೇ ದಾರಿ. ಕಾರಿಗೆ ಹಂಪಿನ ದಾರಿಯೊಂದೇ. ಚನ್ನೇಶ ದೇವರಿಗೆ ಕೈಮುಗಿದು ಎಂಜಿನ್ ಚಾಲೂ ಮಾಡಿದ. ಆ ಸೈಲೆನ್ಸರಿನ ಗುಡುಗಿಗೆ ಓಣಿಯ ಬಾಗಿಲುಗಳೆಲ್ಲ ತೆರೆದವು.

ಮೊದಲು ಬಂದವನು ಎದುರು ಮನೆಯ ಶಿದ್ಲಿಂಗಪ್ಪ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಸೀಟಿ ಇನ್ನೂ ಅವನ ಅಂಗಿಯ ಕಿಸೆಯಲ್ಲೇ ಇರುತ್ತಿತ್ತು. ಯಾರ ಗಾಡಿ ಹೊರಟರೂ ಅದನ್ನು ತಾನೇ ಹೊರಡಿಸಬೇಕು ಎಂಬುದು ಅವನ ನಂಬಿಕೆ.

"ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!"

ಅವನು ಹೋಲ್ಡಾನ್ ಎನ್ನುವ ಮೊದಲೇ ಕಾರಿನ ಮೂತಿ ಹಂಪಿಗೆ ಉಜ್ಜಿ ಗರ್ರ್ ಎಂದಿತು. ಆ ಸದ್ದು ಚನ್ನೇಶನ ಹಲ್ಲಿನ ಬುಡದಲ್ಲಿ ಹಾದುಹೋಯಿತು. ಹಿಂದಕ್ಕೆ ತೆಗೆದ.

"ಕಾಕಾ, ಈ ಹಂಪ್ ಯಾರ ಹಾಕ್ಸಿದ್ರಿ?"

"ನನಗೇನ ಗೊತ್ತೋ ತಮ್ಮಾ, ನಾ ಮಧ್ಯಾಹ್ನ ಮಕ್ಕೊಂಡಿದ್ನಿ. ಆಕಿನ್ನ ಕೇಳು. ಆಕಿ ಕೋಳಿ ಗಾಡಿ ಬುಡಕ ಬೀಳ್ತಾವು ಅಂತ ಆಕಿನ ಹಾಕ್ಸಿರಬೇಕು."

ಆಕೆ ಎಂದರೆ ಪಕ್ಕದ ಮನೆಯ ಹೊನ್ನವ್ವ. ಕಸಬರಿಗೆ ಹಿಡಿದೇ ಬಂದಿದ್ದಳು. "ನನ್ನ ಕೋಳಿ ಸುದ್ದಿ ತಗೀಬ್ಯಾಡ ಶಿದ್ಲಿಂಗಣ್ಣ. ಈ ಗಾಡಿ ಸದ್ದಿಗೆ ನಿದ್ದಿ ಹಾಳಾತು ಅಂತ ದಿನಾ ಒದರಾಂವ ಯಾರು? ನೀನ ಹಾಕ್ಸಿ, ಈಗ ಸೀಟಿ ಊದಾಕ ಬಂದಿ!"

ಇಬ್ಬರೂ ತಮ್ಮ ತಮ್ಮ ಮನೆದೇವರ ಆಣೆ ಹಾಕಿದರು. ಚನ್ನೇಶನಿಗೆ ಇಬ್ಬರ ಮೇಲೂ ಅನುಮಾನ ಉಳಿಯಿತು. ಕಟ್ಟೆಯ ಮೇಲಿದ್ದ ಕುಬೇರಪ್ಪ ಬಸಿಯಲ್ಲಿ ಉಳಿದ ಚಹಾವನ್ನು ನಿಧಾನಕ್ಕೆ ಹೀರಿದ.

"ಓರೆ ತಗೋ," ಎಂದ ಶಿದ್ಲಿಂಗಪ್ಪ. "ಒಂದೊಂದ ಗಾಲಿ ಹತ್ತಸು. ನಮ್ಮ ಬಸ್ಸಿನ್ಯಾಗ ಎಂಥೆಂಥಾ ಘಾಟ ದಾಟೇವಿ!"

ಬಸ್ಸಿನ ಹೊಟ್ಟೆ ಎಲ್ಲಿರುತ್ತದೆ, ಈ ಕಾರಿನ ಹೊಟ್ಟೆ ಎಲ್ಲಿದೆ ಎಂದು ಯಾರೂ ಯೋಚಿಸಲಿಲ್ಲ. ಚನ್ನೇಶ ಓರೆಯಾಗಿ ಹತ್ತಿಸಿದ. ಮುಂದಿನ ಗಾಲಿಗಳು ಹೇಗೋ ದಾಟಿದವು. ನಡು ಹಂಪಿನ ಮೇಲೆ ಕೂತುಬಿಟ್ಟಿತು. ಹಿಂದಿನ ಗಾಲಿಗಳು ನೆಲಕ್ಕೆ ತಾಗಿಯೂ ತಾಗದಂತೆ ಬರಿದೇ ತಿರುಗಿ ಶಿದ್ಲಿಂಗಪ್ಪನ ಬಿಳಿ ಪೈಜಾಮದ ಮೇಲೆ ಮಣ್ಣು ಎರಚಿದವು. ನೋಡುತ್ತ ನಿಂತಿದ್ದ ಇಬ್ಬರು ಗಟ್ಟಿಮುಟ್ಟು ಹುಡುಗರು ತೋಳು ಏರಿಸಿ ನೂಕಲು ಬಂದರು.

"ನೂಕ್ರಿ, ನೂಕ್ರಿ," ಕಟ್ಟೆಯಿಂದ ಕುಬೇರಪ್ಪನ ದನಿ ಬಂತು. "ಹೆಂಗೂ ನನ್ನ ಬಸ್ಸು ಬರೂ ಹೊತ್ತಾತು."

"ಯಾರೂ ಕೈ ಹಚ್ಚಬ್ಯಾಡ್ರಿ!" ಚನ್ನೇಶ ಕಿಟಕಿಯಿಂದ ಅರ್ಧ ಹೊರಗೆ ಬಂದು ಚೀರಿದ. ಬಂದವರು ಬೆಂಕಿ ಮುಟ್ಟಿದವರಂತೆ ಹಿಂದೆ ಸರಿದರು. ನೂಕಬಾರದ ಗಾಡಿಯನ್ನು ಅವರು ಇದುವರೆಗೆ ಕಂಡಿರಲಿಲ್ಲ.

ಷರತ್ತಿನ ವಿಷಯ ಓಣಿಗೆಲ್ಲ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಿಳಿದ ಮೇಲೆ ಅದು ಚನ್ನೇಶನ ಕೆಲಸವಾಗಿ ಉಳಿಯಲಿಲ್ಲ, ಓಣಿಯ ಮಾನದ ಪ್ರಶ್ನೆಯಾಯಿತು. ಭಾರ ಇಳಿಸಿದರೆ ಗಾಡಿ ಮೇಲೇಳುತ್ತದೆ ಎಂದಳು ಹೊನ್ನವ್ವ. ಎತ್ತು ಮುಗ್ಗರಿಸಿದಾಗ ಬಂಡಿಯ ಹೇರು ಇಳಿಸುವುದಿಲ್ಲವೇ? ಸರಿ, ಸ್ಟೆಪ್ನಿ ಇಳಿಯಿತು, ಜಾಕು, ಪಾನಾಗಳ ಪೆಟ್ಟಿಗೆ ಇಳಿಯಿತು. ಮುಯ್ಯಿಗೆಂದು ಕಟ್ಟಿದ್ದ ಸೀರೆ, ಧೋತರ, ಕೊಬ್ಬರಿ ಬಟ್ಟಲುಗಳ ಗಂಟು ಇಳಿಯಿತು. ಕೊನೆಗೆ ಹಿಂದಿನಿಂದ ಒಂದು ಭಾರಿ ಕರಿ ಪೆಟ್ಟಿಗೆಯನ್ನು ಇಬ್ಬರು ಹೊತ್ತು ಇಳಿಸಿದರು.

"ಇದರಾಗ ಏನೈತೋ? ಕಾಳಿನ ಡಬ್ಬಿ ಕಂಡಂಗ ಕಾಣತೈತಿ," ಎಂದಳು ಹೊನ್ನವ್ವ.

"ಸ್ಪೀಕರ್ ಐತ್ರಿ ಅತ್ತಿ. ಹಾಡು ಕೇಳಾಕ."

"ಇಷ್ಟ ದೊಡ್ಡದು? ಈ ಸೈಲೆನ್ಸರ್ ಸದ್ದಿನ್ಯಾಗ ಹಾಡು ಹೆಂಗ ಕೇಳಸತೈತಿ?"

ಒಂದು ವರ್ಷದಲ್ಲಿ ಚನ್ನೇಶನಿಗೆ ಹೊಳೆಯದಿದ್ದ ಪ್ರಶ್ನೆ ಇದು. ಉತ್ತರ ಕೊಡುವಷ್ಟರಲ್ಲಿ ಫೋನ್ ಮಾಡಿ ಕರೆಸಿದ್ದ ಶಾಹಬಾಜ ಬಂದ. ಕಾರು ಬಿದ್ದ ಸ್ಥಿತಿಯನ್ನು ಮೊಣಕಾಲೂರಿ ನೋಡಿದ. ಸ್ಪ್ರಿಂಗು ಕತ್ತರಿಸಿದ ಕಟರ್ ತನ್ನದೇ ಆದ್ದರಿಂದ ಅವನ ಮುಖವೂ ಸಣ್ಣಗಾಗಿತ್ತು.

"ಚನ್ನೇಶಣ್ಣ, ಟೈರಿಗೆ ಗಾಳಿ ಗಟ್ಟಿಯಾಗಿ ಹೊಡಿಯೂಣು. ಒಂದ ಬೆರಳರ ಏರತೈತಿ."

ಗಾಳಿ ಹೊಡೆದರು. ಒಂದು ಬೆರಳು ಏರಿತು. ಕಾರು ಹೊಟ್ಟೆ ಎಳೆದುಕೊಂಡು ಹೇಗೋ ಹಿಂದಕ್ಕೆ ಜಾರಿತು, ಮುಂದಕ್ಕಂತೂ ಹೋಗಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ, ಹಂಪಿನ ಮೇಲೆ ಹಲಗೆ ಹಾಸಿ ಸೇತುವೆ ಮಾಡುವುದು. ಉತ್ಸಾಹದಲ್ಲಿ ಯಾರೋ ಹೊನ್ನವ್ವನ ಮನೆಗೆ ನುಗ್ಗಿ ಆಕೆಯ ಮಂಚದ ಹಲಗೆ ತಂದರು. ಮುಂದಿನ ಗಾಲಿ ಮುಟ್ಟಿದ ಕೂಡಲೇ ಹಲಗೆ ಫಟ್ ಎಂದು ಎರಡು ತುಂಡಾಯಿತು.

"ಅಯ್ಯೋ ನನ್ನ ಮಂಚ! ಇವತ್ತ ನಾ ಎಲ್ಲಿ ಮಕ್ಕೊಳ್ಲೆಪ್ಪಾ!"

"ಹೊಸದು ಮಾಡ್ಸಿಕೊಡ್ತೇನ್ರಿ ಅತ್ತಿ," ಎಂದ ಚನ್ನೇಶ. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವನು ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ಕಾರು ದಾಟದಿದ್ದರೆ ಗುಡ್ಡವೇನೂ ಕುಸಿಯುತ್ತಿರಲಿಲ್ಲ. ಆದರೆ ಅಪ್ಪ ಚೀಲ ಎತ್ತಿಕೊಂಡು ಬಸ್ಸಿನ ಕಡೆಗೆ ನಡೆದುಹೋಗುವುದನ್ನು ಈ ಕಾರಿನ ಕನ್ನಡಿಯಲ್ಲಿ ನೋಡಬೇಕಾಗುತ್ತದಲ್ಲ ಎಂದು ಅವನಿಗೆ ಅಳುವೇ ಬಂತು.

ಅಷ್ಟರಲ್ಲಿ ಶಿದ್ಲಿಂಗಪ್ಪ ಎರಡನೆಯ ಹಲಗೆಯನ್ನು ಅಡ್ಡಡ್ಡ ಇಡುತ್ತಿದ್ದ. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಕುಬೇರಪ್ಪ ಒಮ್ಮೆ ಕೆಮ್ಮಿದ. ಒಮ್ಮೆ ತಲೆ ಕೊಡವಿದ. ಆಮೇಲೆ ತಡೆಯಲಾರದೆ ಬಸಿ ಕೆಳಗಿಟ್ಟು ಎದ್ದ.

"ಏ ಶಿದ್ಲಿಂಗ, ಹಲಗಿ ಹಂಗ ಇಡ್ತಾರೇನೋ? ಕಾಲ ಮುರಿತಾವು! ಕೊಟ್ಟಿಗಿ ಅಟ್ಟದಮ್ಯಾಲ ತೂಫಾನನ್ನ ಹತ್ತಸೂ ಹಲಗಿ ಅದಾವು ನೋಡು, ಸಾಗವಾನಿವು. ತರ್ರಿ. ಎರಡು ಈ ಕಡೆ, ಎರಡು ಆ ಕಡೆ. ಬುಡಕ ಮಣ್ಣಿನ ಚೀಲ ಕೊಡ್ರಿ. ಮ್ಯಾಲ ಗೋಣಿತಟ್ಟು ತೋಯ್ಸಿ ಹಾಸ್ರಿ, ಇಲ್ಲಂದ್ರ ಜಾರತೈತಿ."

ನಾಲ್ಕು ಉದ್ದನೆಯ ಹಲಗೆಗಳು ಬಂದವು. ಒಂದೊಂದರ ಮೇಲೂ ಗೊರಸಿನ ಗುರುತು ಇನ್ನೂ ಇತ್ತು. ಕುಬೇರಪ್ಪ ಧೋತರದ ಅಂಚು ಎತ್ತಿ ಕಟ್ಟಿ, ಬಾಗಿ, ತಾನೇ ಒಂದೊಂದನ್ನೂ ನೆಲಕ್ಕೆ ಒತ್ತಿ ಕೂರಿಸಿದ. ತಾನು ಯಾವ ಪಕ್ಷ ಎಂಬುದು ಅವನಿಗೆ ಮರೆತೇಹೋಗಿತ್ತು. ತಪ್ಪು ಕೆಲಸವನ್ನು ನೋಡುತ್ತ ಕೂರುವುದು ಕೆಲವರಿಂದ ಆಗುವುದೇ ಇಲ್ಲ.

"ಮುಂದಿನ ಕಾಲು ಹತ್ತೂತನಾ ಯಾರೂ ಬಾಯಿ ಮಾಡಬ್ಯಾಡ್ರಿ, ಬೆದರತೈತಿ," ಎಂದ. ಓಣಿ ಉಸಿರು ಬಿಗಿಹಿಡಿಯಿತು. ಬೆದರುವ ಪ್ರಾಣಿ ಅಲ್ಲಿ ಚನ್ನೇಶ ಒಬ್ಬನೇ ಎಂದು ಯಾರಿಗೂ ಅನಿಸಲಿಲ್ಲ.

ಕಾರು ಹಲಗೆ ಹತ್ತಿತು. ಹಂಪಿನ ನೆತ್ತಿಯ ಮೇಲೆ ಒಂದು ಗಳಿಗೆ ನಿಂತು, ಹೊಟ್ಟೆಯ ಕೆಳಗೆ ಬೆಳಕು ತೋರಿಸಿ, ಮೆಲ್ಲಗೆ ಆಚೆ ಇಳಿಯಿತು. ಓಣಿಯ ಜನ ಹೋರಿ ಅಖಾಡ ದಾಟಿದಾಗ ಕೂಗುವ ಹಾಗೆಯೇ ಕೂಗಿದರು. ಹೊನ್ನವ್ವ ಮಂಚದ ದುಃಖ ಮರೆತು, ಮುಯ್ಯಿಯ ಗಂಟು ಬಿಚ್ಚಿ, ನಾಲ್ಕು ಕೊಬ್ಬರಿ ಬಟ್ಟಲು ಪೋಣಿಸಿ ಹಿಂದಿನ ರೆಕ್ಕೆಗೆ ಕಟ್ಟಿ, ಉಳಿದ ಗಂಟನ್ನು ಮತ್ತೆ ಕಾರಿನೊಳಗಿಟ್ಟಳು. ದೊಡ್ಡ ರಸ್ತೆಯಲ್ಲಿ ಮಾಸೂರಿನ ಬಸ್ಸು ಹೊರಟುಹೋದ ಸದ್ದು ಕೇಳಿಸಿತು. ಕುಬೇರಪ್ಪ ಮಣ್ಣಾದ ಕೈಗಳನ್ನು ನೋಡಿಕೊಂಡ, ತಾನು ಮಾಡಿದ್ದೇನು ಎಂದು ಆಗ ತಿಳಿಯಿತು. ಆಡಿದ ಮಾತಿಗೆ ತಪ್ಪುವವನಲ್ಲ. ಬಾಗಿಲು ತೆರೆದು ಬಾಗಿದ, ಇನ್ನೂ ಬಾಗಿದ.

"ಇದರಾಗ ಕುಂಡ್ರೂದೋ, ಮಕ್ಕೊಳ್ಳೂದೋ?" ಎಂದು ಗೊಣಗುತ್ತ ಒಳಗೆ ಇಳಿದ.

ಕಾರು ಹಾನಗಲ್ ದಾಟಿತು. ಚನ್ನೇಶ ಎತ್ತಿನ ಬಂಡಿಯ ಹಾಗೆ ಓಡಿಸಿದ. ಎರಡೂ ಕಡೆ ಭತ್ತದ ಗದ್ದೆಗಳು ಹಳದಿಗೆ ತಿರುಗಿದ್ದವು. ಕುಬೇರಪ್ಪ ಎರಡೂ ಕೈಯಲ್ಲಿ ಚೀಲ ಅಪ್ಪಿಕೊಂಡು ಮುಂದೆ ನೋಡುತ್ತಿದ್ದ. ಅಷ್ಟು ತಗ್ಗಿನಲ್ಲಿ ಕೂತು ಅವನು ಎಂದೂ ರಸ್ತೆಯನ್ನು ನೋಡಿರಲಿಲ್ಲ. ರಸ್ತೆ ನೇರವಾಗಿ ಅವನ ಎದೆಯ ಒಳಗೆ ನುಗ್ಗಿ ಬರುತ್ತಿತ್ತು. ತಿಳವಳ್ಳಿ ದಾಟಿದ ಮೇಲೆ ಖಾಲಿ ರಸ್ತೆ ಸಿಕ್ಕಿತು.

"ಇಷ್ಟನ ಓಡೂದು ಇದು?" ಎಂದ ಕುಬೇರಪ್ಪ.

"ಇನ್ನೂ ಓಡತೈತಪಾ."

"ಮತ್ತ ಬಿಡು."

ಚನ್ನೇಶ ಬಿಟ್ಟ. ಕಾರು ಒಮ್ಮೆ ತಗ್ಗಿ, ಗುಡುಗಿ, ಹಾರಿತು. ಅಪ್ಪನ ಟೋಪಿ ಹಿಂದಕ್ಕೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಕಣ್ಣಂಚಿನಲ್ಲಿ ನೋಡಿದಾಗ ಚನ್ನೇಶನಿಗೆ ಕಂಡದ್ದು ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಅಖಾಡದಲ್ಲಿ ಕಂಡ ಮುಖ. ಬಾಯಿ ತುಸು ತೆರೆದಿತ್ತು, ಕಣ್ಣು ತುಂಬಿದ್ದವು. ಗಾಳಿಗೋ ಏನೋ, ಕಿಟಕಿ ಮಾತ್ರ ಮುಚ್ಚಿತ್ತು.

"ತೂಫಾನ ಹಿಂಗ ಓಡತಿತ್ತು," ಎಂದ ಕುಬೇರಪ್ಪ. ಆಮೇಲೆ ಹಿರೇಕೆರೂರು ಬರುವವರೆಗೂ ಹೋರಿಯ ಕಥೆ ಹೇಳಿದ. ಯಾವ ಊರಿನ ಅಖಾಡದಲ್ಲಿ ಯಾರು ಕೊರಳಿಗೆ ಜೋತುಬಿದ್ದರು, ತೂಫಾನ ಅವರನ್ನು ಹೇಗೆ ಕೊಡವಿತು, ಎಲ್ಲ ಹೇಳಿದ. ಚನ್ನೇಶನಿಗೆ ಎಲ್ಲವೂ ಗೊತ್ತಿದ್ದ ಕಥೆಗಳೇ. ಆದರೂ ಇವತ್ತು ಬೇರೆ ಯಾವುದೂ ಬೇಡ ಎನಿಸುವಷ್ಟು ಸುಖವಾಯಿತು.

ಮಾಸೂರಿನಲ್ಲಿ ಇನ್ನೊಂದು ಪೇಚು ಕಾದಿತ್ತು. ಮದಗದ ಕೆರೆಯ ಕಡೆಗಿನ ಹೊಸ ಮನೆಯ ಮುಂದೆ ಕಾರು ನಿಂತಿತು, ಬಾಗಿಲು ತೆರೆಯಿತು, ಕುಬೇರಪ್ಪ ಮಾತ್ರ ಹೊರಗೆ ಬರಲಿಲ್ಲ. ಅಷ್ಟು ತಗ್ಗಿನ ಸೀಟಿನಿಂದ ಮೇಲೇಳಲು ಮೊಣಕಾಲು ಒಪ್ಪಲಿಲ್ಲ. ಬೀಗರು ಓಡಿಬಂದು ತೋಳಿಗೆ ಕೈ ಹಾಕಿದರು.

"ಯಾರೂ ಎಳೀಬ್ಯಾಡ್ರಿ!" ಎಂದು ಗದರಿದ ಕುಬೇರಪ್ಪ. "ನೂಕೂದಿಲ್ಲ, ಎಳಿಯೂದಿಲ್ಲ ಅಂತ ಮಾತಾಗೇತಿ. ನಾ ಇಲ್ಲೇ ಆರಾಮ ಅದೇನಿ."

ಹೀಗಾಗಿ ಗೃಹಪ್ರವೇಶಕ್ಕೆ ಬಂದ ಕುಬೇರಪ್ಪ ಗೃಹ ಪ್ರವೇಶಿಸಲಿಲ್ಲ. ಹೋಳಿಗೆಯ ತಾಟು ಕಾರಿಗೇ ಬಂತು. ಬಂದ ಮಂದಿಯೆಲ್ಲ ಹೊಸ ಮನೆಯನ್ನು ಬಿಟ್ಟು ಕೆಂಪು ಕಾರಿನ ಸುತ್ತ ನೆರೆದರು. ಸರೋಜವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಒಂದ ವರ್ಷ ಕಣ್ಣೆತ್ತಿ ನೋಡದಾಂವ, ಇವತ್ತ ಒಳಗ ಕುಂತು ತುಪ್ಪ ಹಾಕಿಸ್ಕೊಂಡು ಉಣ್ಣಾಕತ್ತಾನ. ನಾ ಬಸ್ಸಿಗೇ ಬರ್ತೇನಿ ಬಿಡಪಾ," ಎಂದು ಮಗನಿಗೆ ಹೇಳಿ ಒಳಗೆ ಹೋದಳು.

ಚನ್ನೇಶ ದೂರದಲ್ಲಿ ನಿಂತು ಉಂಡ. ಅಪ್ಪನ ದನಿ ಅಲ್ಲಿಯವರೆಗೂ ಕೇಳುತ್ತಿತ್ತು. "ಎಂಜಿನ್ ನಾವ ಬಿಚ್ಚಿ ಜೋಡಿಸೇವ್ರಿ. ಬಣ್ಣನೂ ನಾವ ಹೊಡದೇವಿ. ತಗ್ಗ ಯಾಕೈತಿ ಅಂದ್ರ, ಓಡೂ ಪ್ರಾಣಿ ಮೈ ತಗ್ಗಸೇ ಓಡೂದು." 'ನಾವ' ಎಂಬ ಮಾತು ಕೇಳಿ ಚನ್ನೇಶ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡ. ಹಂಪಿನಲ್ಲಿ ಕೆರೆದುಹೋದ ಬಣ್ಣ, ಮುರಿದ ಮಂಚ, ಇಡೀ ಬೆಳಗಿನ ಅವಮಾನ, ಯಾವುದರ ಮೇಲೂ ಅವನಿಗೆ ಸಿಟ್ಟು ಉಳಿಯಲಿಲ್ಲ.

ಸಂಜೆ ಹಾನಗಲ್ಲಿಗೆ ಮರಳಿದಾಗ ಓಣಿಯ ಬಾಯಲ್ಲಿ ಮತ್ತೆ ಜನ ಕೂಡಿದ್ದರು. ಶಿದ್ಲಿಂಗಪ್ಪನ ಕೈಯಲ್ಲಿ ಹಾರೆ ಇತ್ತು. ಶಾಹಬಾಜ ಸುತ್ತಿಗೆ ಹಿಡಿದಿದ್ದ. ಹಂಪಿನ ಒಂದು ಅಂಚು ಆಗಲೇ ಒಡೆದು ಡಾಂಬರಿನ ಹೆಂಟೆಗಳು ಬಿದ್ದಿದ್ದವು.

"ಬಾ ತಮ್ಮಾ!" ಎಂದ ಶಿದ್ಲಿಂಗಪ್ಪ ಬೆವರು ಒರೆಸಿಕೊಳ್ಳುತ್ತ. "ಯಾರ ಹಾಕ್ಸಿದ್ರೋ ಅವರ ಹೆಸರು ಹಾಳಾಗಲಿ. ನಿನ್ನ ದಾರಿ ಸಾಫ್ ಮಾಡಾಕತ್ತೇವಿ."

ಚನ್ನೇಶನಿಗೆ ಈ ಓಣಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಬೆಳಿಗ್ಗೆ ಇವರ ಮೇಲೆ ಅನುಮಾನಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಅಷ್ಟರಲ್ಲಿ ಪಕ್ಕದ ಸೀಟಿನ ಕಿಟಕಿ ಇಳಿಯಿತು.

"ಏಯ್! ಯಾಂವ ಅಂವ ನನ್ನ ಹಂಪ್ ಒಡಿಯಾಂವ?"

ಶಿದ್ಲಿಂಗಪ್ಪನ ಹಾರೆ ಎತ್ತಿದಲ್ಲೇ ನಿಂತಿತು. ಹೊನ್ನವ್ವ ಕಿವಿಗೆ ಕೈಯಿಟ್ಟಳು. "ನಿನ್ನ ಹಂಪ್ ಏನ್ ಕುಬೇರಣ್ಣ?"

"ನಂದ. ಡಾಂಬರದವರು 'ಯಜಮಾನ್ರ, ಉಳದದ್ದು ಎಲ್ಲಿ ಹಾಕೂಣ್ರಿ' ಅಂದ್ರು. ಚಾ ಕುಡಿಸಿ ಇಲ್ಲೇ ಹಾಕ್ರಿ ಅಂದ್ನಿ. ಎತ್ತರ ಮಾಡ್ರಿ ಅಂತನೂ ನಾನ ಅಂದ್ನಿ."

ಚನ್ನೇಶ ಎಂಜಿನ್ ಬಂದ್ ಮಾಡಿ ಅಪ್ಪನ ಕಡೆ ತಿರುಗಿದ. "ಅಪ್ಪಾ... ನೀನಾ? ಯಾಕಪಾ?"

ಕುಬೇರಪ್ಪ ಮಗನ ಕಡೆ ನೋಡಲಿಲ್ಲ. ಗಾಜಿನಾಚೆ ಹಂಪನ್ನೇ ನೋಡುತ್ತ ಹೇಳಿದ: "ನೀ ಇದನ್ನ ಚಾಲೂ ಮಾಡಿದಾಗೊಮ್ಮೆ ನನ್ನ ಎದಿ ಡಬಡಬ ಅಂತಿತ್ತು. ತೂಫಾನ ಎಷ್ಟ ಸಿಟ್ಟಿಗೆದ್ರೂ ಅದರ ಹಗ್ಗ ನನ್ನ ಕೈಯಾಗ ಇರತಿತ್ತು. ನೀ ಇದರಾಗ ಕುಂತು ಹೋದ್ರ ನನ್ನ ಕೈಯಾಗ ಏನೈತಿ ಹೇಳು? ನಾಳಿ ಹ್ಯಾಂಗರ ಆತು ಅಂದ್ರ ನಾ ಏನ್ ಹಿಡದು ಎಳೀಲಿ?"

ಅಪ್ಪನ ಒಂದು ವರ್ಷದ ಮೌನವನ್ನು ಚನ್ನೇಶ ತಿರಸ್ಕಾರ ಎಂದುಕೊಂಡಿದ್ದ. ಅದು ಭಯವಾಗಿತ್ತು. ಎಂಜಿನ್ ಸದ್ದಿಗೆ ಎದ್ದು ಒಳಗೆ ಹೋಗುತ್ತಿದ್ದವನು ದೇವರ ಮುಂದೆ ಹೋಗಿ ನಿಲ್ಲುತ್ತಿದ್ದನೋ ಏನೋ, ಯಾರು ನೋಡಿದ್ದಾರೆ. ಚನ್ನೇಶ ಅಪ್ಪನ ಮೊಣಕಾಲಿನ ಮೇಲೆ ಕೈಯಿಟ್ಟ.

"ಇರ್ಲಿ ಬಿಡಪಾ. ಈಗ ನೀನ ಕುಂತು ನೋಡಿದಿ. ಅಂಜಿಕಿ ಹೋತಿಲ್ಲೋ?"

"ನೋಡಿದ್ನಿ," ಎಂದು ಕುಬೇರಪ್ಪ ದೊಡ್ಡ ಉಸಿರು ಬಿಟ್ಟ. "ಖರೇ ಹೇಳ್ತೇನಿ, ಒಂದ ಹಂಪ್ ಹಾಕ್ಸಿದ್ದು ನಂದ ತಪ್ಪು."

ಚನ್ನೇಶನ ಮುಖ ಅರಳಿತು. ಶಿದ್ಲಿಂಗಪ್ಪ ಮತ್ತೆ ಹಾರೆ ಎತ್ತಿದ.

"ಇದರ ಓಟ ನನಗೇನ ಗೊತ್ತಿತ್ತು? ಇಂಥಾ ಹೋರಿಗೆ ಒಂದ ಹಗ್ಗ ಸಾಕಾಗತೈತೇನು? ಎರಡೂ ಕಡೆ ಹಗ್ಗ ಹಾಕಿ ಇಬ್ಬರು ಹಿಡಿಬೇಕು. ಶಿದ್ಲಿಂಗ, ಒಡದದ್ದನ್ನ ಅಲ್ಲೇ ಕೂಡಸು. ಉಳದ ಹೆಂಟಿ, ಕಡಿ ಎಲ್ಲಾ ಒಯ್ದು ಕೊಟ್ಟಿಗಿ ಬಾಗಲದಾಗ ಇನ್ನೊಂದು ಹಾಕ್ರಿ."

ಓಣಿಯ ಜನಕ್ಕೆ ಬೇಕಾಗಿದ್ದದ್ದು ಒಂದು ಕೆಲಸ. ಒಡೆಯುವ ಕೆಲಸವೋ ಕಟ್ಟುವ ಕೆಲಸವೋ ಎಂಬ ಭೇದ ಅವರಿಗಿರಲಿಲ್ಲ. ಅಷ್ಟೇ ಉತ್ಸಾಹದಿಂದ ಬುಟ್ಟಿ ತುಂಬತೊಡಗಿದರು. ಶಾಹಬಾಜ ಗೆಳೆಯನ ಕಣ್ಣು ತಪ್ಪಿಸಿ ಒಂದು ಬುಟ್ಟಿ ಹೊತ್ತ.

"ಅಪ್ಪಾ, ನೀ ಮೊದಲ ಕೆಳಗ ಇಳಿ," ಎಂದ ಚನ್ನೇಶ ಸೋತ ದನಿಯಲ್ಲಿ.

"ನಾ ಯಾಕ ಇಳೀಲಿ? ಇದು ಮನಿ ಮುಟ್ಟಿದಮ್ಯಾಲೆ ಇಳಿತೇನಿ. ನೀ ಹೋಗಿ ಹಲಗಿ ತಗೊಂಡು ಬಾ. ಮತ್ತ ದೀಪಾವಳಿತನಾ ಇದು ಕೊಟ್ಟಿಗಿ ಬಿಟ್ಟು ಹೊರಗ ಬರಂಗಿಲ್ಲ. ಅಖಾಡದ ಹೋರಿನ ದಿನಾ ಸಂತಿಗೆ ಹೊಡಕೊಂಡು ಹೋಗ್ತಾರೇನು ಯಾರರ?"

ಅಪ್ಪ ಒಮ್ಮೆ ಈ ಕಾರಿನಲ್ಲಿ ಕೂತರೆ ಸಾಕು ಎಂದು ವರ್ಷವಿಡೀ ಹಂಬಲಿಸಿದವನು ಚನ್ನೇಶ. ಅಪ್ಪ ಕೂತಿದ್ದ, ಏಳುವ ಹಾಗೆ ಕಾಣಲಿಲ್ಲ. ಚನ್ನೇಶ ಕೆಳಗಿಳಿದು ಸಾಗವಾನಿಯ ಮೊದಲ ಹಲಗೆಯನ್ನು ಹೆಗಲ ಮೇಲೆ ಹೊತ್ತು ಹಂಪಿನ ಕಡೆಗೆ ಹೆಜ್ಜೆ ಹಾಕಿದ. ಕೊಟ್ಟಿಗೆಯ ಬಾಗಿಲಲ್ಲಿ ಶಿದ್ಲಿಂಗಪ್ಪ ನೆಲಕ್ಕೆ ಅಂಗೈ ನಿಲ್ಲಿಸಿ ಅಳೆಯುತ್ತಿದ್ದ.

"ಎಷ್ಟ ಎತ್ತರ ಮಾಡೂಣು ಕುಬೇರಣ್ಣ? ಆ ಹಂಪಿನಷ್ಟ ಸಾಕೇನು?"

ಕಾರಿನ ಒಳಗಿನಿಂದ ಉತ್ತರ ಬಂತು: "ಅದಕ್ಕಿಂತ ಒಂದ ಬೆರಳು ಹೆಚ್ಚಿಗಿ ಇರ್ಲಿ."